ಗಂಜಿ ಹಾಕಿದ ಅಂಗಿ

ಸಿಸ್ಟರ್ ಅವರಿಗೆ,

‘ಪ್ರೀತಿಯ’ ಎಂದು ಬರೆಯಲು ಹೊರಟೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ‘ಪೂಜ್ಯ’ ಎಂದರೆ ನಿಮ್ಮನ್ನು ಮುದುಕಿ ಮಾಡಿದಂತಾಗುತ್ತದೆ. ಹಾಗೆ ಮಾಡುವ ಆಸೆಯೇನೋ ಇತ್ತು, ಆದರೆ ಪತ್ರದ ಮೊದಲ ಸಾಲಿನಲ್ಲೇ ಬೇಡವೆನಿಸಿತು. ಆಸ್ಪತ್ರೆಯ ಕೆಲಸ ಬಿಟ್ಟು ವರ್ಷಗಳಾದರೂ ಎಲ್ಲರೂ ನಿಮ್ಮನ್ನು ಕರೆಯುವುದು ಸಿಸ್ಟರ್ ಎಂದೇ. ನಾನೂ ಹಾಗೇ ಬರೆದೆ.

ನಾನು ಮೂಲೆಯ ಇಸ್ತ್ರಿ ಅಂಗಡಿಯವಳು. ಬೆಳಿಗ್ಗೆ ನಿಮ್ಮ ಜೊತೆ ಶಾಲೆಯ ಮೈದಾನ ಸುತ್ತುತ್ತಿದ್ದ ಪೋಸ್ಟ್‌ಮ್ಯಾನ್‌ನ ಹೆಂಡತಿ. ಮೊದಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಮುಂದಿನ ಮಾತು ಬರೆಯಲು ಸುಲಭ, ಅದಕ್ಕೆ ಹೇಳಿದೆ.

ಅವರು ರಿಟೈರ್ ಆಗಿ ಎರಡು ವರ್ಷ. ಸಕ್ಕರೆ ಕಾಯಿಲೆ ಹಿಡಿದ ಮೇಲೆ ಡಾಕ್ಟರು ದಿನಾ ಮುಕ್ಕಾಲು ಗಂಟೆ ನಡೆಯಲೇಬೇಕು ಅಂದರು. ‘ಮೂವತ್ತು ವರ್ಷ ಬಿಸಿಲಲ್ಲಿ ಮನೆಮನೆ ತಿರುಗಿದವನಿಗೆ ನಡೆಯೋದು ಹೇಳಿಕೊಡ್ತಾರಂತೆ’ ಎಂದು ಇವರು ನಗಾಡಿದರು. ಎಂಟು ಗಂಟೆಗೋ ಒಂಬತ್ತಕ್ಕೋ, ಮನಸ್ಸು ಬಂದಾಗ ಹೊರಡುತ್ತಿದ್ದರು. ಬೇಸಿಗೆ ಶುರುವಾಯಿತು, ಅವರಿಗೆ ನೀವು ಸಿಕ್ಕಿದಿರಿ.

ಮಾರನೆಯ ದಿನದಿಂದ ಮನುಷ್ಯ ಐದು ಗಂಟೆಗೆ ಏಳತೊಡಗಿದರು. ಅಲಾರಂ ಕೂಡ ಬೇಡ! ಕೆಲಸದಲ್ಲಿದ್ದಷ್ಟು ಕಾಲವೂ ನಾನು ಹೊದಿಕೆ ಎಳೆದು, ಕಾಲು ಜಗ್ಗಿ, ಗಂಟಲು ಹರಿದುಕೊಂಡು ಎಬ್ಬಿಸಿದ ಗಂಡ. ಈಗ ಬೆಕ್ಕಿನಂತೆ ಸದ್ದಿಲ್ಲದೆ ಎದ್ದು, ಎರಡು ಲೋಟ ನೀರು ಕುಡಿದು, ಕನ್ನಡಿ ನೋಡಿ ತಲೆ ಬಾಚಿ ಹೊರಡುತ್ತಿದ್ದರು. ನಡೆಯಲು ಹೋಗುವವರಿಗೆ ಬೈತಲೆ ಯಾಕೆ, ನೀವೇ ಹೇಳಿ. ನಾನು ಕಣ್ಣು ಮುಚ್ಚಿಕೊಂಡೇ ಎಲ್ಲ ನೋಡುತ್ತಿದ್ದೆ.

ತಿರುಗಿ ಬಂದ ಮೇಲೆ ಶುರು. ‘ಸಿಸ್ಟರ್ ಹೇಳಿದ್ರು, ಏಳು ಗಂಟೆ ಮೇಲೆ ಮೈದಾನದಲ್ಲಿ ಇರಬಾರದಂತೆ.’ ‘ಸಿಸ್ಟರ್ ಹೇಳಿದ್ರು, ಸೆಕೆ ಶುರುವಾದಾಗ ಒಂದೇ ಸಲ ಎಂಟು ಸುತ್ತು ಹಾಕಬಾರದಂತೆ, ನಾಲ್ಕರಿಂದ ಶುರು ಮಾಡಿ ಮೈಗೆ ರೂಢಿ ಮಾಡಿಸಬೇಕಂತೆ.’ ‘ಸಿಸ್ಟರ್ ಹೇಳಿದ್ರು, ಬಾಯಾರೋ ತನಕ ಕಾಯಬಾರದಂತೆ.’ ಒಂದು ದಿನ ಲೆಕ್ಕ ಇಟ್ಟೆ. ತಿಂಡಿ ಮುಗಿಯುವಷ್ಟರಲ್ಲಿ ಹನ್ನೊಂದು ಸಲ ಸಿಸ್ಟರ್. ಅದೂ ಹೋಗಲಿ, ಕೆಲವು ಸಲ ‘ನಮ್ಮ ಸಿಸ್ಟರ್’. ಯಾವ ಲೆಕ್ಕದಲ್ಲಿ ನಮ್ಮ? ನನ್ನನ್ನು ಅವರು ಯಾರ ಮುಂದೆಯೂ ‘ನಮ್ಮವಳು’ ಅಂದಿದ್ದಿಲ್ಲ. ‘ಅಂಗಡೀಲಿ ಇದಾಳೆ’ ಅನ್ನುತ್ತಾರೆ, ಅಷ್ಟೇ.

ಇನ್ನೊಂದು ದಿನ ಬಚ್ಚಲಿನಿಂದ ಬಂದವರು ಗೆದ್ದು ಬಂದವರ ಹಾಗೆ, ‘ಇವತ್ತು ಸರಿಯಾಗಿದೆ, ತಿಳಿ ಬಣ್ಣ!’ ಅಂದರು. ಏನು ಅಂತ ಕೇಳಿದರೆ ಮೂತ್ರವಂತೆ. ಗಾಢವಾಗಿದ್ದರೆ ನೀರು ಸಾಲದು ಅಂತ ಅರ್ಥ, ನೀವು ಹೇಳಿಕೊಟ್ಟಿರಂತೆ. ಸಿಸ್ಟರ್, ಮೂವತ್ತಮೂರು ವರ್ಷ ಸಂಸಾರ ಮಾಡಿದ್ದೇನೆ. ಇಂಥ ಮಾತು ನಮ್ಮಿಬ್ಬರ ನಡುವೆ ಒಂದು ದಿನ ಬಂದಿಲ್ಲ. ನೀವು ಮೈದಾನದ ಮೂರನೇ ಸುತ್ತಿನಲ್ಲಿ ಅಲ್ಲಿಯವರೆಗೂ ತಲುಪಿಬಿಟ್ಟಿರಿ!

ನನ್ನ ಅಂಗಡಿ ನೀವು ನೋಡಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ತಗಡಿನ ಚಾವಣಿ, ಪಶ್ಚಿಮಕ್ಕೆ ಒಂದು ಕಿಟಕಿ. ಅದರ ಕೆಳಗೆ ಮೇಜು, ಮೇಜಿನ ಮೇಲೆ ಏಳು ಕೆ.ಜಿ.ಯ ಇಸ್ತ್ರಿ ಪೆಟ್ಟಿಗೆ. ಫ್ಯಾನ್ ಹಾಕಿದರೆ ತೆಳು ಬಟ್ಟೆಗಳು ಹಾರುತ್ತವೆಂದು ಹಾಕುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಗೋಡೆ ಮುಟ್ಟಿದರೂ ಕೈ ಸುಡುತ್ತದೆ. ಅಲ್ಲಿ ನಿಂತು ಇಪ್ಪತ್ತು ವರ್ಷ ಬೇಯುತ್ತಿದ್ದೇನೆ. ನೀರು ಕುಡಿದೆಯಾ ಅಂತ ಕೇಳಿದವರಿಲ್ಲ. ಅವರು ನಡೆಯುವುದು ಮುಕ್ಕಾಲು ಗಂಟೆ, ಅವರ ಬೆವರಿಗೆ ಒಬ್ಬ ನರ್ಸು!

ಅವರು ನಿಮ್ಮ ಮಾತು ಮನೆಗೂ ತಂದರು. ಬಿಸಿಲು ಬೀಳುವ ಕಡೆಯ ಪರದೆ ಹಗಲೆಲ್ಲ ಮುಚ್ಚಬೇಕು, ಸಂಜೆ ತಂಪಾದ ಮೇಲೆ ಎರಡೂ ಕಡೆಯ ಕಿಟಕಿ ತೆಗೆಯಬೇಕು. ಕೋಣೆ ಕುಲುಮೆಯಾದಾಗ ಬರೀ ಫ್ಯಾನ್ ಹಾಕಿದರೆ ಅದು ಬಿಸಿಗಾಳಿಯನ್ನೇ ಮುಖಕ್ಕೆ ಬೀಸುತ್ತದೆ, ಮೈಗೆ ಒದ್ದೆ ಬಟ್ಟೆ ಹಾಕಿಕೊಳ್ಳಬೇಕು, ಬಕೆಟ್ಟಿನಲ್ಲಿ ಕಾಲಿಟ್ಟು ಕೂರಬೇಕು. ಅಂಗಡಿಯ ಕಿಟಕಿಗೆ ಗೋಣಿತಾಟು ಕಟ್ಟಿ ಗಂಟೆಗೊಮ್ಮೆ ನೀರು ಚಿಮುಕಿಸತೊಡಗಿದರು. ‘ಬಟ್ಟೆ ಮೇಲೆ ಕೊಳೆ ನೀರು ಬಿದ್ದರೆ ಗಿರಾಕಿಗೆ ನೀವು ಉತ್ತರ ಹೇಳ್ತೀರಾ?’ ಎಂದು ಉರಿದುಬಿದ್ದೆ. ಅವರು ಗೋಣಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಕಟ್ಟಿದರು, ಬಿಚ್ಚಲಿಲ್ಲ. ಅಂಗಡಿ ನಿಜವಾಗಿಯೂ ತಂಪಾಯಿತು. ಆಗದೇ ಹೋಗಿದ್ದರೆ ನಿಮ್ಮನ್ನು ನಾಲ್ಕು ಮಾತು ಆಡಿಕೊಂಡು ಸಮಾಧಾನ ಪಡುತ್ತಿದ್ದೆ. ಆ ಅವಕಾಶವನ್ನೂ ನೀವು ಕೊಡಲಿಲ್ಲ.

ಆಮೇಲೆ ನಿಮ್ಮ ಬಟ್ಟೆಗಳು ಬರತೊಡಗಿದವು. ಅವರೇ ಬಗಲಲ್ಲಿ ಚೀಲ ಇಟ್ಟುಕೊಂಡು ತರುತ್ತಿದ್ದರು. ‘ಪಾಪ, ಒಬ್ಬರೇ ಇದಾರೆ, ಬರೋ ದಾರೀಲಿ ನಾನೇ ತಂದೆ.’ ತಿಳಿ ಬಣ್ಣದ ಸಡಿಲ ಹತ್ತಿ ಅಂಗಿಗಳು, ಮೂರು ಪ್ಯಾಂಟು, ಅಂಚು ಸವೆದ ಒಂದು ಟೋಪಿ. ಬಟ್ಟೆ ನೋಡಿ ಮನುಷ್ಯರನ್ನು ಹೇಳಬಲ್ಲೆ ನಾನು. ನಿಮ್ಮದರಲ್ಲಿ ಸೆಂಟಿನ ವಾಸನೆ ಇಲ್ಲ, ಬಿಗಿ ಇಲ್ಲ, ಥಳುಕು ಇಲ್ಲ. ಬೈಯಲು ಏನಾದರೂ ಸಿಕ್ಕೀತೇ ಎಂದು ಜೇಬು ಹುಡುಕಿದೆ. ಇಸ್ತ್ರಿಯವರು ಜೇಬು ನೋಡುವುದು ಗಿರಾಕಿಯ ಸಾಮಾನು ಹಿಂದಿರುಗಿಸಲಿಕ್ಕೆ. ನಾನು ನೋಡಿದ್ದು ಅದಕ್ಕಲ್ಲ ಅನ್ನುವುದನ್ನು ಒಪ್ಪಿಕೊಳ್ಳುತ್ತೇನೆ.

ಉಪ್ಪು ಸಕ್ಕರೆಯ ಒಂದು ಪುಟ್ಟ ಪೊಟ್ಟಣ ಸಿಕ್ಕಿತು. ಅದರ ಜೊತೆಗೆ ಒಂದು ಕರವಸ್ತ್ರ. ನೀಲಿ ಗೆರೆ, ನಾಲ್ಕೂ ಅಂಚು ನನ್ನ ಕೈಹೊಲಿಗೆ. ನನ್ನ ಗಂಡನದು.

ನೀವಿಬ್ಬರೂ ಮೈದಾನದ ನಲ್ಲಿಯಲ್ಲಿ ಕರವಸ್ತ್ರ ಒದ್ದೆ ಮಾಡಿ ಕುತ್ತಿಗೆಗೆ ಹಾಕಿಕೊಳ್ಳುತ್ತೀರಿ, ಒಂದು ದಿನ ಅದಲುಬದಲಾಗಿತ್ತು ಅನ್ನುವುದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಆ ಹೊತ್ತಿಗೆ ಅಷ್ಟು ಯೋಚಿಸುವ ತಲೆ ಎಲ್ಲಿತ್ತು? ಕರವಸ್ತ್ರವನ್ನು ಇಸ್ತ್ರಿ ಮಾಡಿ ಅವರ ಬಟ್ಟೆಯ ಕಪಾಟಿನಲ್ಲಿಟ್ಟೆ. ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಈ ಪತ್ರವೇ ಬೇಕಾಗುತ್ತಿರಲಿಲ್ಲ.

ಅದೇ ವಾರ ಅವರು ಒಂದು ಹೊಸ ಅಂಗಿ ತಂದರು. ಕೆನೆ ಬಣ್ಣ, ತೆಳು ಹತ್ತಿ, ಮೊಣಕೈ ದಾಟುವ ತೋಳು. ನಡೆಯುವಾಗ ಹಾಕುತ್ತಿದ್ದ ಕಪ್ಪು ಟೀ ಶರ್ಟು ಬಿಸಿಲು ಹೀರುತ್ತದೆ, ಬೆವರು ಆರಲು ಬಿಡುವುದಿಲ್ಲ ಎಂದಿರಂತೆ. ‘ಹೇಗಿದೆ? ಸಿಸ್ಟರ್ ಆರಿಸಿಕೊಟ್ಟಿದ್ದು’ ಎಂದು ಎದೆಗೆ ಹಿಡಿದು ತೋರಿಸಿದರು. ಬಟ್ಟೆಯ ನಡುವೆಯೇ ಬದುಕುವವಳ ಗಂಡನಿಗೆ ಅಂಗಿ ಆರಿಸಲು ಬೇರೆಯವರು ಬೇಕಾದರು. ಚೆನ್ನಾಗಿದೆ ಅಂದೆ. ಒಗೆದು ಕೊಡ್ತೀನಿ, ಹೊಸ ಬಟ್ಟೆ ಹಾಗೇ ಹಾಕಬಾರದು ಅಂದೆ.

ಆ ಸಂಜೆ ಹೋಟೆಲ್ಲಿನವರ ಏಪ್ರನ್‌ಗಳಿಗೆಂದು ಗಂಜಿ ಕಾಸಿದ್ದೆ. ಏಪ್ರನ್ನಿನ ಗಂಜಿ ಅಂದರೆ ಗಟ್ಟಿ, ಬಟ್ಟೆ ತಾನೇ ನಿಲ್ಲಬೇಕು. ಅದಕ್ಕೆ ಆ ಅಂಗಿಯನ್ನು ಅದ್ದಿದೆ. ಹಿಂಡಿ, ಮತ್ತೊಮ್ಮೆ ಅದ್ದಿದೆ. ಗಂಜಿ ಹಾಕಿದರೆ ನೂಲಿನ ನಡುವಿನ ಕಂಡಿಗಳು ಮುಚ್ಚಿಹೋಗುತ್ತವೆ, ಗಾಳಿ ಆಡುವುದಿಲ್ಲ. ಕಸುಬಿನವಳಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಆದರೆ ನಾನು ಅಂದುಕೊಂಡದ್ದು ಇಷ್ಟೇ: ನೀವು ಆರಿಸಿದ ಅಂಗಿ ಅವರ ಮೈಮೇಲೆ ರಟ್ಟಿನ ಡಬ್ಬದ ಹಾಗೆ ನಿಲ್ಲಲಿ, ಕತ್ತು ಕೆರೆಯಲಿ, ನಾಳೆಯಿಂದ ಅದನ್ನು ಮೂಲೆಗೆ ಎಸೆಯಲಿ.

ಬೆಳಿಗ್ಗೆ ಐದಕ್ಕೆ ಎದ್ದು ಅಂಗಿ ಕೇಳಿದರು. ‘ಇನ್ನೂ ಆರಿಲ್ಲ ರೀ, ಇಸ್ತ್ರಿ ಮಾಡ್ಬೇಕು’ ಅಂದೆ. ಆರಿತ್ತು. ಹಳೆಯದನ್ನು ಹಾಕ್ಕೊಂಡು ಹೋಗ್ತೀನಿ ಅಂದರು, ಅದನ್ನು ನೆನೆಹಾಕಿಬಿಟ್ಟಿದ್ದೆ. ಆರು ಗಂಟೆಗೆ ಒಮ್ಮೆ, ಆರೂವರೆಗೆ ಒಮ್ಮೆ ಅಂಗಡಿಗೆ ಬಂದು ನಿಂತರು. ನಾನು ಬೇರೆಯವರ ಬಟ್ಟೆ ಮಾಡುತ್ತಲೇ ಇದ್ದೆ. ಏಳು ದಾಟಲಿ, ನೀವು ಮನೆಗೆ ಹೋಗಲಿ, ಆಮೇಲೆ ಇವರೂ ಇವತ್ತು ಬೇಡ ಅಂತ ಕೂತುಬಿಡುತ್ತಾರೆ ಎಂದು ನನ್ನ ಲೆಕ್ಕ. ಏಳೂವರೆಗೆ ಅಂಗಿ ಕೊಟ್ಟೆ. ತೋಳು ತೂರಿಸುವಾಗ ಚರಚರ ಸದ್ದಾಯಿತು. ‘ಎಷ್ಟು ಗರಿಗರಿ ಮಾಡಿದೀಯೇ, ಮದುಮಗನ ಹಾಗಿದೆ’ ಎಂದು ನಕ್ಕು ಹೊರಟುಬಿಟ್ಟರು. ತಡವಾಯಿತೆಂದು ನೀರು ಕುಡಿಯುವುದನ್ನೂ ಮರೆತರು. ಬೇಡ ರೀ ಬಿಸಿಲು ಬಂತು ಅನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು, ಆದರೆ ಬಾಯಿ ಬಿಡಲಿಲ್ಲ.

ಉಳಿದದ್ದು ನನಗಿಂತ ನಿಮಗೇ ಹೆಚ್ಚು ಗೊತ್ತು. ನೀವು ಏಳರವರೆಗೆ ಕಾದು ಹೋಗಿದ್ದಿರಿ. ಎಂಟೂವರೆಗೆ ಬ್ರೆಡ್ ತರಲು ಹೊರಟವರು ಗೇಟಿನ ಆಚೆಯಿಂದ ಅವರನ್ನು ಕಂಡಿರಿ. ತಪ್ಪಿದ ಸುತ್ತುಗಳನ್ನೆಲ್ಲ ಒಂದೇ ಉಸಿರಿಗೆ ಮುಗಿಸುವ ಹಠ ಅವರಿಗೆ. ಮುಖ ಕೆಂಪಾಗಿ, ಬೆವರು ನಿಂತು, ಕಾಲು ಅಡ್ಡಾದಿಡ್ಡಿ ಬೀಳುತ್ತಿತ್ತಂತೆ. ನೀವು ಹತ್ತಿರ ಹೋದಾಗ ನಿಮ್ಮ ಗುರುತು ಹತ್ತಲಿಲ್ಲವಂತೆ. ‘ಹದಿನಾಲ್ಕನೇ ನಂಬರ್ ಮನೆ ಅಲ್ವಾ? ರಿಜಿಸ್ಟರ್ ಇದೆ, ಇಲ್ಲಿ ಒಂದು ಸಹಿ ಹಾಕಿ’ ಎಂದು ಬರಿಗೈ ಚಾಚಿದರಂತೆ.

ಮೈದಾನದ ಕಾವಲುಗಾರ ಓಡಿ ಬಂದು ಹೇಳಿದಾಗ ನಾನು ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು ಓಡಿದೆ. ಬರುವಷ್ಟರಲ್ಲಿ ನೀವು ಅವರನ್ನು ಮರದ ಕೆಳಗೆ ಮಲಗಿಸಿ, ಅಂಗಿ ಹರಿದು ತೆಗೆದು, ಮೈಮೇಲೆ ನೀರು ಸುರಿಯುತ್ತಿದ್ದಿರಿ. ಜ್ಯೂಸ್ ಅಂಗಡಿಯ ಐಸನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ, ಕುತ್ತಿಗೆಗೆ ಒತ್ತಿದ್ದಿರಿ. ಕಾವಲುಗಾರನ ಕೈಗೆ ರಟ್ಟು ಕೊಟ್ಟು, ‘ನಿಲ್ಲಿಸಬೇಡಿ, ಬೀಸ್ತಾ ಇರಿ’ ಎಂದು ಗದರುತ್ತಿದ್ದಿರಿ. ನಾನು ಅವರಿಗೆ ನೀರು ಕುಡಿಸಲು ಹೋದೆ. ‘ಪ್ರಜ್ಞೆ ಸರಿ ಇಲ್ಲ, ಈಗ ಬಾಯಿಗೆ ಹಾಕಬೇಡಿ’ ಎಂದು ನನ್ನ ಕೈ ಹಿಡಿದಿರಿ. ನಂಬುತ್ತೀರೋ ಇಲ್ಲವೋ, ಗಂಡ ಸಾಯುತ್ತಾನೇನೋ ಎಂದು ನಡುಗುತ್ತಿದ್ದ ಆ ಕ್ಷಣದಲ್ಲೂ ನನಗೆ ಹೊಟ್ಟೆ ಉರಿಯಿತು. ಅವರ ಮೈಯನ್ನು ಎಲ್ಲಿ ಮುಟ್ಟಬೇಕು, ಎಲ್ಲಿ ಮುಟ್ಟಬಾರದು ಅನ್ನುವುದು ನಿಮಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು, ಮೈಮೇಲೆ ಎಂಥ ಬಟ್ಟೆ ಇತ್ತು ಅಂತ ಕೇಳಿದರು. ನೀವು ನನ್ನ ಮುಖ ನೋಡಿ, ‘ಹತ್ತಿ ಅಂಗಿ ಡಾಕ್ಟ್ರೇ, ತೆಳು ಹತ್ತಿ’ ಅಂದಿರಿ. ಹರಿದ ಅಂಗಿಯನ್ನು ಆಮೇಲೆ ಕಾಗದದ ಚೀಲದಲ್ಲಿ ಮಡಚಿ ತಂದು ಕೊಟ್ಟಿರಿ. ಕೊಡುವ ಮುಂಚೆ ಕಾಲರನ್ನು ಬೆರಳುಗಳ ನಡುವೆ ಉಜ್ಜಿದಿರಿ. ಬೇರೆಯವರ ಕಿವಿಗೆ ಬೀಳದ ಹಾಗೆ, ‘ಬೇಸಿಗೇಲಿ ಗಂಜಿ ಬೇಡಮ್ಮ’ ಅಂದಿರಿ. ಅಷ್ಟೇ. ಯಾಕೆ ಹಾಕಿದೆ ಅಂತ ಕೇಳಲಿಲ್ಲ, ಮುಖ ಗಂಟು ಹಾಕಲಿಲ್ಲ. ನಾಲ್ಕು ಜನರ ಮುಂದೆ ನನ್ನ ಮಾನ ತೆಗೆಯಬಹುದಿತ್ತು, ತೆಗೆಯಲಿಲ್ಲ. ಒಳ್ಳೆಯವರಾಗುವ ಸರದಿಯನ್ನೂ ನೀವೇ ತೆಗೆದುಕೊಂಡಿರಿ ಎಂದು ಅದಕ್ಕೂ ಸಿಟ್ಟು ಬಂತು.

ಅವರು ಮನೆಗೆ ಬಂದು ಐದು ವಾರವಾಯಿತು. ಮತ್ತೆ ನಡೆಯಬಹುದು, ಬೆಳಕು ಹರಿಯುವಾಗ, ನಿಧಾನಕ್ಕೆ, ಒಬ್ಬರೇ ಮಾತ್ರ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ನೀವು ಮಂಡಿ ನೋವು ಅಂತ ಹೇಳಿ ಕಳಿಸಿದಿರಿ. ಬಟ್ಟೆ ಕಳಿಸುವುದನ್ನೂ ನಿಲ್ಲಿಸಿದಿರಿ. ಆದರೆ ಅದೇ ಮಂಡಿಯಲ್ಲಿ ನೀವು ರೈಲು ಹಳಿಯ ಆಚೆಯ ರಸ್ತೆಯಲ್ಲಿ ದಿನಾ ಬೆಳಿಗ್ಗೆ ನಡೆಯುವುದನ್ನು ಹಾಲಿನವನು ನೋಡಿದ್ದಾನೆ. ನನಗೆ ಜಾಗ ಬಿಟ್ಟುಕೊಟ್ಟು ಹೋಗಿದ್ದೀರಿ ಅನ್ನುವುದು ಅರ್ಥವಾಗದಷ್ಟು ದಡ್ಡಿ ನಾನಲ್ಲ.

ಅವರು ಮಾತ್ರ ನಡೆಯುವುದನ್ನೇ ಬಿಟ್ಟಿದ್ದಾರೆ. ಪರದೆ ಎಳೆದ ಕೋಣೆಯಲ್ಲಿ ಬಕೆಟ್ಟಿನಲ್ಲಿ ಕಾಲಿಟ್ಟು ಕೂರುತ್ತಾರೆ. ಸಕ್ಕರೆ ಮತ್ತೆ ಏರಿದೆ. ‘ನನ್ನ ಹಠದಿಂದ ಸಿಸ್ಟರ್‌ಗೂ ಭಯ ಆಯ್ತು. ಬಿಸಿಲು ನನಗೇನು ಮಾಡುತ್ತೆ ಅನ್ನೋ ಸೊಕ್ಕು ನನಗೆ’ ಎನ್ನುತ್ತಾರೆ. ಬಂದವರಿಗೆಲ್ಲ ತಪ್ಪು ನನ್ನದೇ, ತಪ್ಪು ನನ್ನದೇ ಎಂದು ಹೇಳುತ್ತಾರೆ. ಮೊನ್ನೆ ನನ್ನ ಕೈ ಹಿಡಿದು, ‘ಅವತ್ತು ಅಂಗಿ ಒಣಗದೇ ಇದ್ದಾಗಲೇ ನಾನು ಮನೇಲಿ ಉಳೀಬೇಕಿತ್ತು, ನಿನಗೆ ಎಷ್ಟು ತೊಂದರೆ ಕೊಟ್ಟೆ’ ಎಂದು ಕ್ಷಮೆ ಕೇಳಿದರು. ಸಿಸ್ಟರ್, ಅವರು ನನ್ನ ಕ್ಷಮೆ ಕೇಳಿದರು.

ನೀವಿಲ್ಲದಿದ್ದರೆ ನಾನೇ ಕರೆದುಕೊಂಡು ಹೋಗುತ್ತೇನೆಂದು ಮೊನ್ನೆ ಒಂದು ಬೆಳಿಗ್ಗೆ ಜೊತೆಗೆ ಹೋದೆ. ನನಗೆ ಸಂತೆಗೆ ಹೋಗುವ ಹಾಗೆ ನಡೆದು ಅಭ್ಯಾಸ, ದಾಪುಗಾಲು, ಮಾತಿಲ್ಲ. ‘ನೀರು ಕುಡಿದ್ರಾ?’ ಎಂದು ಕೇಳಿದೆ. ನೀವು ಕೇಳುವಷ್ಟು ಚೆನ್ನಾಗಿ ಕೇಳಬೇಕೆಂದು ಮನೆಯಲ್ಲೇ ಮನಸ್ಸಿನೊಳಗೆ ಹೇಳಿಕೊಂಡು ಬಂದಿದ್ದೆ. ಬಸ್ ಕಂಡಕ್ಟರಿಗೆ ಹೇಳುವ ಹಾಗೆ ‘ಹೂಂ’ ಅಂದರು. ಎರಡನೇ ಸುತ್ತಿನಲ್ಲಿ ಗೇಟಿನ ಕಡೆ ನೋಡಿದರು. ಯಾರನ್ನು ಹುಡುಕಿದ್ದು ಅಂತ ಕೇಳಬೇಕೇ? ನನ್ನ ಹೊಟ್ಟೆಯಲ್ಲಿ ಮತ್ತೆ ಅದೇ ಬೆಂಕಿ.

ಅಷ್ಟರಲ್ಲಿ ನಲ್ಲಿಯ ಹತ್ತಿರ ನಿಂತು ಕರವಸ್ತ್ರ ಒದ್ದೆ ಮಾಡಿ ಹಿಂಡಿ ನನ್ನ ಕುತ್ತಿಗೆಗೆ ಹಾಕಿದರು. ‘ಇಸ್ತ್ರಿ ಮಾಡೋವಾಗ ಹೀಗೆ ಹಾಕ್ಕೊ ಕಣೇ. ನಿನ್ನ ವಿಷಯ ಎಷ್ಟು ಸಲ ಕೇಳಿದ್ದೆ ಅವರನ್ನ. ತಗಡಿನ ಕೆಳಗೆ ದಿನವೆಲ್ಲ ನಿಂತಿರ್ತಾಳೆ, ಏನು ಮಾಡ್ಲಿ ಅಂತ. ಕಿಟಕಿಗೆ ಗೋಣಿ ಕಟ್ಟಿ ಅಂತ ಅದಕ್ಕೇ ಹೇಳಿದ್ದು ಅವರು’ ಅಂದರು.

ನಾನು ಆ ಗೋಣಿಯನ್ನು ಬೈದ ಬೈಗುಳ ನಿಮಗೆ ಗೊತ್ತಿಲ್ಲ. ನಿಮ್ಮಿಬ್ಬರ ಮಾತಿನಲ್ಲಿ ನಾನೇ ಇದ್ದೆನಂತೆ, ಬೆಳಿಗ್ಗೆ ಬೆಳಿಗ್ಗೆ ಸುತ್ತು ಹಾಕುತ್ತಿದ್ದೆನಂತೆ. ಇದನ್ನು ಕೇಳಿ ಹೊಟ್ಟೆಕಿಚ್ಚು ಆರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ನನ್ನ ವಿಷಯ ನನ್ನನ್ನೇ ಕೇಳಬಹುದಿತ್ತಲ್ಲ! ಸೆಕೆ ಆಗ್ತಿದೆಯೇನೇ ಅಂತ ಅಂಗಡಿಯ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಲು ಮೈದಾನವೆಲ್ಲ ಸುತ್ತಬೇಕಿತ್ತೇ? ಆದರೆ ನಾನೂ ಅವರನ್ನು ಕೇಳಿದವಳಲ್ಲ. ಮೂವತ್ತು ವರ್ಷ ಬಿಸಿಲಲ್ಲಿ ತಿರುಗಿ ಬಂದಾಗ ಚೀಲ ಇಳಿಸಿಕೊಂಡು, ಊಟ ಬಡಿಸಿದ್ದೇನೆ. ತಲೆ ಸುತ್ತುತ್ತಾ ಎಂದು ಕೇಳಿದ ನೆನಪಿಲ್ಲ. ಕೇಳುವುದನ್ನು ನಮ್ಮಿಬ್ಬರಿಗೂ ಯಾರೂ ಕಲಿಸಿರಲಿಲ್ಲ.

ಗಂಜಿಯ ವಿಷಯ ಅವರಿಗೆ ಹೇಳಬೇಕೆಂದು ಎರಡು ಸಲ ಹೋದೆ. ಒಮ್ಮೆ ಊಟಕ್ಕೆ ಕೂತಿದ್ದರು. ಇನ್ನೊಮ್ಮೆ ನನ್ನನ್ನು ನೋಡಿ ನಕ್ಕರು. ಎರಡು ಸಲವೂ ತಿರುಗಿ ಬಂದೆ. ಮೇಜಿನ ಮೇಲೆ ಬಟ್ಟೆ ರಾಶಿ ಬಿದ್ದಿದೆ, ಪೆಟ್ಟಿಗೆ ಆರಿಸಿ ಅದೇ ಮೇಜಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ನೀವು ತಿರುಗಿ ಬನ್ನಿ ಸಿಸ್ಟರ್. ಅವರು ನಡೆಯದಿದ್ದರೆ ಉಳಿಯುವುದಿಲ್ಲ, ನೀವು ಬರದಿದ್ದರೆ ನಡೆಯುವುದಿಲ್ಲ. ನಾನು ದೊಡ್ಡ ಮನಸ್ಸಿನಿಂದ ಕರೆಯುತ್ತಿಲ್ಲ. ನಾನೂ ಬರುತ್ತೇನೆ, ಹಿಂದೆಯೋ ಪಕ್ಕದಲ್ಲೋ, ನಿಮ್ಮಿಬ್ಬರ ಪ್ರತಿ ಮಾತಿಗೂ ಮೈಯೆಲ್ಲ ಕಿವಿಯಾಗಿ. ಅವರಿಗೆ ಸುಸ್ತಾಗುವ ಮೊದಲು ಮುಖದಲ್ಲಿ ಏನು ಬದಲಾಗುತ್ತದೆ ಎಂದು ನನಗೂ ತೋರಿಸಿಕೊಡಿ. ನೀವು ಅದನ್ನು ಬಲ್ಲಿರಿ ಅನ್ನುವುದೇ ನನ್ನ ಉರಿಯ ಮುಕ್ಕಾಲು ಪಾಲು.

ನಾಳೆ ಬೆಳಿಗ್ಗೆ ಈ ಪತ್ರವನ್ನು ತಂದುಕೊಡುವವರು ಅವರೇ. ಸಿಸ್ಟರ್ ಮಂಡಿ ಹೇಗಿದೆ ನೋಡಿಕೊಂಡು ಬನ್ನಿ, ಹಾಗೇ ಇದನ್ನೂ ಕೊಡಿ ಎಂದಿದ್ದೇನೆ. ಅಂಟಿಸದ ಲಕೋಟೆಯಾದರೂ ಅವರು ತೆರೆಯುವುದಿಲ್ಲ. ನೀವು ಓದಿ ಮುಗಿಸಿದ ಮೇಲೆ ಇದನ್ನು ಅವರ ಕೈಗೇ ಕೊಡಿ. ಬೇರೆಯವರ ಕಾಗದ ಓದಲ್ಲ ಅನ್ನುತ್ತಾರೆ. ಇದು ನಿಮಗೇ ಬಂದದ್ದು ಅಂತ ಹೇಳಿ. ಆದರೆ ಕೊಡುವ ಮೊದಲು ಅವರನ್ನು ನೆರಳಲ್ಲಿ ಕೂರಿಸಿ, ಒಂದು ಲೋಟ ನೀರು ಕುಡಿಸಿ, ಉಸಿರು ನಿಧಾನವಾಗಲು ಬಿಡಿ. ಓದಿ ಎದ್ದು ಅವರು ಯಾವ ಕಡೆ ನಡೆದರೂ ಒಬ್ಬರನ್ನೇ ಬಿಡಬೇಡಿ. ನಾನು ಬಾಗಿಲು ತೆರೆದಿಟ್ಟುಕೊಂಡು ಕೂತಿರುತ್ತೇನೆ.

ನಿಮ್ಮ ಮೈ ತಂಪಾಗಿರಲಿ, ಮಂಡಿ ಗಟ್ಟಿಯಾಗಿರಲಿ, ನೂರು ವರ್ಷ ನಡೆಯಿರಿ. ಇದನ್ನು ಮಾತ್ರ ಕಿಚ್ಚಿಲ್ಲದೆ ಬರೆದಿದ್ದೇನೆ.

ಇಂತಿ,
ಮೂಲೆಯ ಇಸ್ತ್ರಿ ಅಂಗಡಿಯವಳು